ಹರಡಿನ ಮೂಳೆ ಹೇಳಿದ ವಂಶಾವಳಿ

2001ರ ಸೆಪ್ಟೆಂಬರ್ 20ರಂದು ‘ನೇಚರ್’ ಪತ್ರಿಕೆಯಲ್ಲಿ ಒಂದು ಸಂಶೋಧನಾ ಲೇಖನ ಪ್ರಕಟವಾಯಿತು. ಮರುದಿನ ‘ಸೈನ್ಸ್’ ಪತ್ರಿಕೆಯಲ್ಲಿ ಇನ್ನೊಂದು. ತಂಡಗಳು ಬೇರೆ, ಅಗೆದ ಜಾಗಗಳೂ ಬೇರೆ. ಹಾನ್ಸ್ ತೆವಿಸ್ಸೆನ್ ಅವರ ತಂಡ ಪಾಕಿಸ್ತಾನದ ಪಂಜಾಬಿನ ಕಾಲಾ ಚಿಟ್ಟಾ ಬೆಟ್ಟಸಾಲಿನಲ್ಲಿ ಕೆಲಸ ಮಾಡಿತ್ತು. ಫಿಲಿಪ್ ಗಿಂಗರಿಚ್ ಅವರ ತಂಡ ಬಲೂಚಿಸ್ತಾನದ ಬರಡು ಗುಡ್ಡಗಳಲ್ಲಿ. ಇಬ್ಬರ ಮುಂದೆಯೂ ಇದ್ದದ್ದು ಒಂದೇ ಪ್ರಶ್ನೆ: ತಿಮಿಂಗಿಲ ಯಾವ ನೆಲಪ್ರಾಣಿಯ ವಂಶದ್ದು? ಇಬ್ಬರೂ ಕೊಟ್ಟ ಉತ್ತರವೂ ಒಂದೇ. ಅದು ಹಸು, ಜಿಂಕೆ, ಹಂದಿ, ಒಂಟೆಗಳ ಬಳಗದ್ದು. ಆ ಉತ್ತರಕ್ಕೆ ಆಧಾರವಾಗಿ ಅವರು ಮುಂದಿಟ್ಟದ್ದು ತಲೆಬುರುಡೆಯನ್ನಲ್ಲ, ಹಲ್ಲನ್ನಲ್ಲ. ಹಿಂಗಾಲಿನ ಹರಡಿನಲ್ಲಿ, ಅಂದರೆ ಪಾದದ ಗಂಟಿನಲ್ಲಿ, ಕೂತಿರುವ ಒಂದು ಗಿಡ್ಡ ಮೂಳೆಯನ್ನು.

ಕಾಲಿನ ಸೂಪು ಕುಡಿಯುವ ಮನೆಗಳವರು ಈ ಮೂಳೆಯನ್ನು ಕೈಯಾರೆ ಮುಟ್ಟಿರುತ್ತಾರೆ. ಕುರಿಯ ಹಿಂಗಾಲಿನ ಗಂಟು ಬಿಡಿಸಿದಾಗ ಬೆರಳ ತುದಿಯಲ್ಲಿ ಹಿಡಿಯುವಷ್ಟು ಚಿಕ್ಕದಾದ, ನಾಲ್ಕು ಮುಖಗಳ, ತೂಕದ ಮೂಳೆಯೊಂದು ಕಳಚಿಕೊಳ್ಳುತ್ತದೆ. ವಿಜ್ಞಾನಿಗಳು ಅದನ್ನು ಅಸ್ಟ್ರಾಗಲಸ್ ಎನ್ನುತ್ತಾರೆ. ಪ್ರಾಚೀನ ಗ್ರೀಸಿನಲ್ಲಿ ಇದನ್ನೇ ದಾಳವಾಗಿ ಎಸೆದು ಆಡುತ್ತಿದ್ದರು. ಮಂಗೋಲಿಯಾದಲ್ಲಿ ಇವತ್ತಿಗೂ ಇದರ ನಾಲ್ಕು ಮುಖಗಳಿಗೆ ಕುದುರೆ, ಒಂಟೆ, ಕುರಿ, ಮೇಕೆ ಎಂದು ಹೆಸರಿಟ್ಟು ಆಡುತ್ತಾರೆ; ಈ ಮೂಳೆಗಳನ್ನು ಗುರಿಗೆ ಹೊಡೆಯುವ ಅಲ್ಲಿನ ಆಟವೊಂದು 2014ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು.

ಮೊದಲು ಈ ಮೂಳೆ ಎಲ್ಲಿ ಕೂತಿರುತ್ತದೆ ಎನ್ನುವುದನ್ನು ನೋಡಬೇಕು. ದನದ ಹಿಂಗಾಲನ್ನು ಪಕ್ಕದಿಂದ ನೋಡಿದರೆ ನಡುವೆ ಒಂದು ಗಂಟು ಹಿಂದಕ್ಕೆ ಚಾಚಿಕೊಂಡಿರುತ್ತದೆ. ಅದನ್ನು ಮೊಣಕಾಲು ಎಂದು ತಿಳಿಯುವವರು ಬಹಳ. ಮೊಣಕಾಲು ಇನ್ನೂ ಮೇಲೆ, ಹೊಟ್ಟೆಯ ಹತ್ತಿರ ಇರುತ್ತದೆ. ಹಿಂದಕ್ಕೆ ಚಾಚಿದ್ದು ಹಿಮ್ಮಡಿ. ದನ, ಕುದುರೆ, ಜಿಂಕೆಗಳೆಲ್ಲ ನಿಂತಿರುವುದು ಬೆರಳ ತುದಿಯ ಮೇಲೆ. ಉಗುರೇ ಬೆಳೆದು ಗೊರಸಾಗಿದೆ. ಹಾಗಾಗಿ ಅವುಗಳ ಪಾದವೆಂದರೆ ಹಿಮ್ಮಡಿಯಿಂದ ಗೊರಸಿನ ತನಕ ಇಳಿಯುವ ಅಷ್ಟು ಉದ್ದದ ಭಾಗ. ಮೊಣಕಾಲಿನಿಂದ ಇಳಿದು ಬಂದ ಮೂಳೆ ಮತ್ತು ಈ ಪಾದ ಒಂದನ್ನೊಂದು ಸಂಧಿಸುವ ಜಾಗದಲ್ಲಿ ಅಸ್ಟ್ರಾಗಲಸ್ ಇರುತ್ತದೆ. ಪ್ರಾಣಿಯ ಭಾರವೆಲ್ಲ ಅದರ ಮೇಲೆ ಹಾದು ಕೆಳಗಿಳಿಯುತ್ತದೆ, ಪ್ರತಿ ಹೆಜ್ಜೆಯಲ್ಲೂ ಗಂಟು ಮಡಚಿ ಬಿಚ್ಚುವುದು ಅದರ ಸುತ್ತಲೇ.

ಬಾವಿಯ ರಾಟೆಯ ನಡುವೆ ಹಗ್ಗ ಕೂರುವ ತೋಡು ಇರುತ್ತದಲ್ಲ, ಅಸ್ಟ್ರಾಗಲಸ್‌ನ ಮೇಲ್ತುದಿ ಹಾಗೇ ಇರುತ್ತದೆ. ಎರಡು ಏಣುಗಳ ನಡುವೆ ಒಂದು ತೋಡು, ಅದರೊಳಗೆ ಮೇಲಿನ ಮೂಳೆಯ ತುದಿ ಜಾರುತ್ತದೆ. ಕುದುರೆಯಲ್ಲೂ ಇದು ಉಂಟು, ಹಸುವಿನಲ್ಲೂ ಉಂಟು. ವ್ಯತ್ಯಾಸವೆಲ್ಲ ಕೆಳತುದಿಯಲ್ಲಿ. ಕುದುರೆ, ಖಡ್ಗಮೃಗ, ಟೇಪಿರ್‌ಗಳಲ್ಲಿ ಕೆಳತುದಿ ಹೆಚ್ಚುಕಡಿಮೆ ಚಪ್ಪಟೆ, ತುಸು ಜೀನಿನ ಆಕಾರದಲ್ಲಿ ಬಾಗಿರುತ್ತದೆ. ಹಸು, ಕುರಿ, ಜಿಂಕೆ, ಹಂದಿ, ಒಂಟೆ, ನೀರಾನೆಗಳಲ್ಲಿ ಕೆಳಗೂ ಇನ್ನೊಂದು ರಾಟೆ. ಒಂದು ಮೂಳೆ, ಎರಡು ರಾಟೆ. ಗಂಟು ಒಂದರ ಬದಲು ಎರಡು ಕಡೆ ಮಡಚುತ್ತದೆ; ಪಾದ ಹಿಂದಕ್ಕೂ ಮುಂದಕ್ಕೂ ದೂರ ಬೀಸುತ್ತದೆ, ಅಕ್ಕಪಕ್ಕಕ್ಕೆ ಮಾತ್ರ ಹೊರಳದು. ನಾಯಿ, ಬೆಕ್ಕು, ಹುಲಿಗಳಲ್ಲಿ ಇದೇ ಮೂಳೆಗೆ ಕೆಳಗೆ ಕುತ್ತಿಗೆ ಮೂಡಿ, ಅದರ ತುದಿಯಲ್ಲಿ ದುಂಡು ತಲೆ ಇರುತ್ತದೆ. ಹಾಗಾಗಿ ಪಾದ ಅಕ್ಕಪಕ್ಕಕ್ಕೂ ಹೊರಳಬಲ್ಲದು.

ಕೆಳಗೆ ಎರಡನೇ ರಾಟೆ ಇರುವ ಸಸ್ತನಿ ಬಳಗ ಇಡೀ ಭೂಮಿಯಲ್ಲಿ ಒಂದೇ. ಬ್ರಿಟನ್ನಿನ ಅಂಗರಚನಾ ವಿಜ್ಞಾನಿ ರಿಚರ್ಡ್ ಓವೆನ್ 1848ರಲ್ಲಿ ಗೊರಸಿನ ಪ್ರಾಣಿಗಳನ್ನು ಸರಿಬೆರಳಿನವು, ಬೆಸಬೆರಳಿನವು ಎಂದು ಎರಡಾಗಿ ವಿಂಗಡಿಸಿದರು. ಹಸುವಿಗೆ ಎರಡು ಗೊರಸು, ಹಂದಿಗೆ ನಾಲ್ಕು. ಕುದುರೆಗೆ ಒಂದು, ಖಡ್ಗಮೃಗಕ್ಕೆ ಮೂರು. ಆದರೆ ಬೆರಳೆಣಿಕೆ ಅಷ್ಟು ಭದ್ರವಾದ ಗುರುತಲ್ಲ. ಟೇಪಿರ್‌ನ ಮುಂಗಾಲಲ್ಲಿ ನಾಲ್ಕು ಬೆರಳು, ಆದರೂ ಅದು ಬೆಸದ ಗುಂಪಿನದು. ನಿಜವಾಗಿ ನೋಡಬೇಕಾದದ್ದು ಭಾರ ಎಲ್ಲಿ ಬೀಳುತ್ತದೆ ಎಂಬುದನ್ನು. ಬೆಸದ ಗುಂಪಿನಲ್ಲಿ ಭಾರದ ಗೆರೆ ನಡುಬೆರಳಿನೊಳಗಿಂದಲೇ ಹಾದುಹೋಗುತ್ತದೆ. ಸರಿಯ ಗುಂಪಿನಲ್ಲಿ ಮೂರನೇ ಮತ್ತು ನಾಲ್ಕನೇ ಬೆರಳುಗಳ ನಡುವಿನಿಂದ. ಹರಡಿನ ಮೂಳೆ ಆ ಭಾರವನ್ನು ಹೊರುವ ಬಗೆಗೆ ತಕ್ಕಂತೆ ರೂಪುಗೊಂಡಿರುವುದರಿಂದ ಬೆರಳುಗಳೆಲ್ಲ ಕಳೆದುಹೋಗಿ ಅದೊಂದೇ ಸಿಕ್ಕರೂ ಪ್ರಾಣಿ ಯಾವ ಗುಂಪಿನದೆಂದು ಹೇಳಬಹುದು.

ಈ ಮೂಳೆ ಸಿಗುವುದೂ ಹೆಚ್ಚು. ಉದ್ದದ ತೊಡೆಮೂಳೆಯನ್ನು ಕತ್ತೆಕಿರುಬ ಒಡೆದು ಒಳಗಿನ ನೆಣ ತಿನ್ನುತ್ತದೆ, ಪಕ್ಕೆಲುಬು ಕಾಲ್ತುಳಿತಕ್ಕೇ ಮುರಿಯುತ್ತದೆ. ಅಸ್ಟ್ರಾಗಲಸ್ ಗಟ್ಟಿ, ಗಿಡ್ಡ. ಒಡೆದು ತಿನ್ನುವಂಥದ್ದು ಅದರಲ್ಲಿ ಏನೂ ಇಲ್ಲ. ಮೊಸಳೆಯೋ ಕತ್ತೆಕಿರುಬವೋ ನುಂಗಿದರೂ ಹೊಟ್ಟೆಯ ಆಮ್ಲದಲ್ಲಿ ಮೇಲ್ಮೈ ಸವೆದು ಹೊರಬೀಳುತ್ತದೆ. ಅಂಥ ಸವೆತದ ಗುರುತು ಇರುವ ಪಳೆಯುಳಿಕೆಗಳೂ ಸಿಕ್ಕಿವೆ. ನದಿಯ ಮರಳಿನಲ್ಲಿ ಉರುಳಿ ಬಂದ ಗುಪ್ಪೆಯಲ್ಲಿ ಹಲ್ಲುಗಳ ಜೊತೆ ಕೊನೆಗೆ ಉಳಿಯುವ ಮೂಳೆಗಳಲ್ಲಿ ಇದೊಂದು. ಅದರ ಉದ್ದ ಅಗಲಗಳಿಂದ ಪ್ರಾಣಿಯ ತೂಕವನ್ನು ಲೆಕ್ಕ ಹಾಕುವ ಸೂತ್ರಗಳಿವೆ. ಬಯಲಲ್ಲಿ ಓಡುತ್ತಿದ್ದ ಹುಲ್ಲೆಯದೋ ದಟ್ಟ ಕಾಡಿನಲ್ಲಿ ನುಸುಳುತ್ತಿದ್ದ ಹುಲ್ಲೆಯದೋ ಎಂದು ಅಂದಾಜಿಸುವ ಕ್ರಮವೂ ಇದೆ, ಅದು ಪೂರ್ತಿ ನಿಖರವಲ್ಲದಿದ್ದರೂ.

ಹರಡಿನ ಕೆಳಗೆ ಇಳಿದರೆ ಗುರುತು ಇನ್ನೂ ಸೂಕ್ಷ್ಮವಾಗುತ್ತದೆ. ಮೆಲುಕು ಹಾಕುವ ಹಸು, ಜಿಂಕೆ, ಜಿರಾಫೆಗಳಲ್ಲಿ ಅಸ್ಟ್ರಾಗಲಸ್‌ನ ಕೆಳಗಿನ ಎರಡು ಮೂಳೆಗಳು ಬೆಸೆದು ಒಂದಾಗಿವೆ. ಒಂಟೆಯೂ ಮೆಲುಕು ಹಾಕುತ್ತದೆ, ಆದರೆ ಅದರಲ್ಲಿ ಅವು ಬೇರೆಬೇರೆಯೇ. ಎರಡು ಬೆರಳುಗಳ ಮೂಳೆ ಕೂಡಿ ಆದ ಉದ್ದ ಕಾಲುಮೂಳೆಯ ಕೆಳತುದಿ ಒಂಟೆಯಲ್ಲಿ ಕವಲಾಗಿ ಅಗಲುತ್ತದೆ, ಹಸುವಿನಲ್ಲಿ ಎರಡು ತುದಿಗಳೂ ಅಕ್ಕಪಕ್ಕ ನೇರ ನಿಲ್ಲುತ್ತವೆ. ಜಿಂಕೆಯ ಹಿಂಗಾಲಿನ ಈ ಮೂಳೆಯ ಮುಂಭಾಗದಲ್ಲಿ ಓಡುವ ತೋಡು ಕೆಳತುದಿಯ ಹತ್ತಿರ ಸಣ್ಣ ಎಲುಬಿನ ಸೇತುವೆಯಿಂದ ಮುಚ್ಚಿಕೊಳ್ಳುತ್ತದೆ. ಹಸು, ಹುಲ್ಲೆಗಳ ಬಳಗದಲ್ಲಿ ಅದು ತೆರೆದೇ ಇರುತ್ತದೆ. ಕೊಂಬು ಸಿಗದ ಜಾಗದಲ್ಲಿ ಜಿಂಕೆಯನ್ನೂ ಹುಲ್ಲೆಯನ್ನೂ ಬೇರ್ಪಡಿಸಲು ಈ ಒಂದು ಗೆರೆ ಸಾಕಾಗುತ್ತದೆ.

ಇನ್ನು ತಿಮಿಂಗಿಲಕ್ಕೆ ಬರೋಣ. ಅದಕ್ಕೆ ಹಿಂಗಾಲೇ ಇಲ್ಲ. ಮಾಂಸದೊಳಗೆ ಹುದುಗಿದ ಸೊಂಟದ ಮೂಳೆಯ ಚೂರು, ಕೆಲವು ಜಾತಿಗಳಲ್ಲಿ ತೊಡೆಮೂಳೆಯ ಒಂದು ಮೋಟು, ಅಷ್ಟೇ. ಹರಡನ್ನು ಕೇಳಬೇಕೆಂದರೆ ಕಾಲಿದ್ದ ತಿಮಿಂಗಿಲವನ್ನೇ ಹುಡುಕಬೇಕು. ಅದು ಸಿಗುವ ತನಕ ವಾದವೆಲ್ಲ ಹಲ್ಲಿನ ಮೇಲೆ ನಿಂತಿತ್ತು. 1966ರಲ್ಲಿ ಲೀ ವ್ಯಾನ್ ವಾಲೆನ್ ಎಂಬ ಅಮೆರಿಕನ್ ವಿಜ್ಞಾನಿ, ಹಳೆಯ ತಿಮಿಂಗಿಲಗಳ ತ್ರಿಕೋನ ಹಲ್ಲುಗಳು ಮೆಸೊನಿಕಿಡ್ ಎಂಬ ಅಳಿದ ಮಾಂಸಾಹಾರಿ ಪ್ರಾಣಿಗಳ ಹಲ್ಲುಗಳನ್ನು ಬಹಳ ಹೋಲುತ್ತವೆ ಎಂದು ತೋರಿಸಿದರು. ತೋಳದಂಥ ಮೈ, ಬೆರಳ ತುದಿಯಲ್ಲಿ ಗೊರಸು, ವಿಚಿತ್ರ ಪ್ರಾಣಿಗಳವು. ಮುಂದಿನ ಮೂರು ದಶಕ ಬಹುತೇಕ ಪಳೆಯುಳಿಕೆ ತಜ್ಞರು ಇದನ್ನೇ ಒಪ್ಪಿದ್ದರು, 1981ರಲ್ಲಿ ಡೊನಾಲ್ಡ್ ರಸೆಲ್ ಜೊತೆಗೂಡಿ ಹಳೆಯ ತಿಮಿಂಗಿಲವಾದ ಪಾಕಿಸೀಟಸ್‌ನ ತಲೆಬುರುಡೆಯನ್ನು ವಿವರಿಸಿದ ಗಿಂಗರಿಚ್ ಕೂಡ.

ಪ್ರಯೋಗಾಲಯದವರು ಬೇರೆಯೇ ಹೇಳುತ್ತಿದ್ದರು. 1950ರಲ್ಲೇ ರಕ್ತದ ಪ್ರೋಟೀನುಗಳ ಹೋಲಿಕೆ ತಿಮಿಂಗಿಲವನ್ನು ಸರಿಗೊರಸಿನ ಬಳಗದ ಹತ್ತಿರ ಇಟ್ಟಿತ್ತು. 1990ರ ದಶಕದಲ್ಲಿ ಡಿಎನ್‌ಎ ಅಧ್ಯಯನಗಳು ಇನ್ನೂ ಮುಂದೆ ಹೋಗಿ, ಅದರ ಅತಿ ಹತ್ತಿರದ ಜೀವಂತ ಬಂಧು ನೀರಾನೆ ಎಂದವು. ಕಲ್ಲು ಒಡೆಯುವವರಿಗೆ ಅದು ನಂಬುವ ಮಾತಾಗಿರಲಿಲ್ಲ. 1990ರಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿ ಬ್ಯಾಸಿಲೊಸಾರಸ್ ಎಂಬ ಪುರಾತನ ತಿಮಿಂಗಿಲದ ಪುಟ್ಟ ಹಿಂಗಾಲುಗಳು ಸಿಕ್ಕಾಗ ಆಸೆ ಹುಟ್ಟಿತು. ಆದರೆ ಅದು ಆಗಲೇ ಪೂರ್ತಿ ಸಮುದ್ರದ ಪ್ರಾಣಿ, ಹರಡಿನ ಮೂಳೆಗಳು ಒಂದಕ್ಕೊಂದು ಬೆಸೆದುಹೋಗಿ ರಾಟೆಯ ಆಕಾರ ಓದುವಂತಿರಲಿಲ್ಲ. 1998ರಲ್ಲಿ ತೆವಿಸ್ಸೆನ್ ತಂಡ ಇನ್ನೂ ಹಳೆಯ ತಿಮಿಂಗಿಲಗಳ ಮುರಿದ ಹರಡಿನ ತುಣುಕುಗಳನ್ನು ಪ್ರಕಟಿಸಿತು. ಅವು ಸರಿಗೊರಸಿನ ಕಡೆಗೆ ವಾಲಲಿಲ್ಲ. ಮೂರು ವರ್ಷದ ನಂತರ ಇಡಿಯಾದ ಮೂಳೆಗಳು ಬಂದಾಗ ಅದೇ ತಂಡ ಎದುರಿನ ತೀರ್ಮಾನಕ್ಕೆ ಬಂತು. ಎಲ್ಲಕ್ಕಿಂತ ಈ ತಿರುವು ನನಗೆ ಮುಖ್ಯವೆನಿಸುತ್ತದೆ. ಜನರೂ ಅವರೇ, ನೋಡಿದ ಮೂಳೆಯೂ ಅದೇ ಹರಡಿನದು; ತುಂಡಾಗಿದ್ದಾಗ ಒಂದು ಅರ್ಥ, ಪೂರ್ತಿ ಸಿಕ್ಕಾಗ ಇನ್ನೊಂದು.

ಆದರೆ ಆ ಮೂಳೆಗಳು ತಿಮಿಂಗಿಲದವೇ ಎಂದು ಹೇಗೆ ಗೊತ್ತು? ಕಾಲಾ ಚಿಟ್ಟಾ ಬೆಟ್ಟಗಳಲ್ಲಿ ತೆವಿಸ್ಸೆನ್‌ಗೆ ಸಿಕ್ಕದ್ದು ಒಂದು ಜೋಡಿಸಿದ ಅಸ್ಥಿಪಂಜರವಲ್ಲ. ಹತ್ತಾರು ಪ್ರಾಣಿಗಳ ಮೂಳೆಗಳು ಕಲೆತು ಕೂತ ಒಂದೇ ಪದರ. ತಲೆಬುರುಡೆ, ಹಲ್ಲುಗಳಿಂದ ಅಲ್ಲಿ ಪಾಕಿಸೀಟಸ್ ಇತ್ತೆಂದು ಗೊತ್ತಿತ್ತು. ಉಳಿದ ರಾಶಿಯಿಂದ ಅದರ ಕಾಲನ್ನು ಆರಿಸುವುದು ಹೇಗೆ? ಮೊದಲು ಗಾತ್ರ ನೋಡಿದರು: ಆ ತಲೆಗೆ ಹೊಂದುವ ಅಳತೆಯ ಕಾಲು ಯಾವುದು? ಆಮೇಲೆ ಎಣಿಕೆ: ಆ ಜಾಗದ ಹಲ್ಲು, ದವಡೆಗಳಲ್ಲಿ ಹೆಚ್ಚಿನವು ತಿಮಿಂಗಿಲದವೇ ಆಗಿದ್ದರೆ ಕಾಲಿನ ಮೂಳೆಗಳಲ್ಲೂ ಹೆಚ್ಚಿನವು ಅವುಗಳವೇ ಆಗಿರಬೇಕು. ಅದೂ ಸಾಲದೆಂದು ಮೂಳೆಯೊಳಗಿನ ಐಸೊಟೋಪುಗಳನ್ನು ಹಲ್ಲಿನವುಗಳ ಜೊತೆ ತಾಳೆ ನೋಡಿದರು. ಬಲೂಚಿಸ್ತಾನದಲ್ಲಿ ಗಿಂಗರಿಚ್, ಮುನೀರ್ ಉಲ್ ಹಕ್, ಇಯಾದ್ ಝಲ್ಮೌತ್ ಮತ್ತು ಸಂಗಡಿಗರಿಗೆ ಈ ಕಷ್ಟ ಇರಲಿಲ್ಲ. ಸುಮಾರು 4.7 ಕೋಟಿ ವರ್ಷ ಹಳೆಯ ಆರ್ಟಿಯೊಸೀಟಸ್ ಮತ್ತು ರೋಡೊಸೀಟಸ್ ಅಸ್ಥಿಪಂಜರಗಳಲ್ಲಿ ತಿಮಿಂಗಿಲದ ಮೈಯ ಜೊತೆಗೇ ಹರಡಿನ ಮೂಳೆಗಳಿದ್ದವು, ಕೆಳಗೆ ಎರಡನೇ ರಾಟೆಯೂ ಕಣ್ಣಿಗೆ ಕಟ್ಟುವಂತೆ ಇತ್ತು. ಎರಡು ದಶಕ ಮೆಸೊನಿಕಿಡ್ ಪಕ್ಷದಲ್ಲಿದ್ದ ಗಿಂಗರಿಚ್ ತಮ್ಮ ನಿಲುವನ್ನು ಬಹಿರಂಗವಾಗಿ ಬದಲಿಸಿಕೊಂಡರು.

ಈ ಕತೆಯ ಮುಂದಿನ ಕಂತು ಗಡಿಯ ಈಚೆ, ಜಮ್ಮುವಿನ ರಾಜೌರಿ ಜಿಲ್ಲೆಯ ಕಾಲಾಕೋಟ್‌ನಲ್ಲಿದೆ. ಕಾಲಾ ಚಿಟ್ಟಾ ಮತ್ತು ಕಾಲಾಕೋಟ್ ಎರಡೂ ಹಿಮಾಲಯ ಏಳುವ ಮುಂಚಿನ, ಒಂದೇ ಕಡಲಂಚಿನ ಕೆಸರು ಗಟ್ಟಿಯಾದ ನೆಲ. ಕಾಲಾಕೋಟ್‌ನಲ್ಲಿ ಭೂವಿಜ್ಞಾನಿ ಎ. ರಂಗರಾವ್ ಪಳೆಯುಳಿಕೆ ಸಂಗ್ರಹಿಸಿ 1971ರಲ್ಲಿ ಒಂದು ಪುಟ್ಟ ಪ್ರಾಣಿಗೆ ಇಂಡೋಹ್ಯೂಸ್ ಎಂದು ಹೆಸರಿಟ್ಟರು. ಗೊತ್ತಿದ್ದದ್ದು ಕೆಲವು ಹಲ್ಲು, ದವಡೆಯ ತುಂಡುಗಳು. ಅವರು ತಂದಿಟ್ಟ ಕಲ್ಲಿನ ಗಟ್ಟಿಗಳಲ್ಲಿ ಬಹಳಷ್ಟನ್ನು ಒಡೆದು ನೋಡುವ ಮುನ್ನವೇ ತೀರಿಕೊಂಡರು. ಪತ್ನಿ ಫ್ರೀಡ್‌ಲಿಂಡೆ ಒಬರ್ಗ್‌ಫೆಲ್ ಅವನ್ನು ಜೋಪಾನ ಮಾಡಿದರು. ವರ್ಷಗಳ ನಂತರ ಆ ಕಲ್ಲುಗಳು ತೆವಿಸ್ಸೆನ್ ಕೈಸೇರಿದವು.

ಪ್ರಯೋಗಾಲಯದಲ್ಲಿ ಒಂದು ಬುರುಡೆಯನ್ನು ಬಿಡಿಸುವಾಗ ಕಿವಿಯ ಭಾಗ ಅಕಸ್ಮಾತ್ ಮುರಿಯಿತು. ಒಳಗೆ ಕಂಡದ್ದು ಒಂದು ಕಡೆ ದಪ್ಪಗಾದ ಕಿವಿಮೂಳೆ, ಅಲ್ಲಿಯ ತನಕ ತಿಮಿಂಗಿಲಗಳಲ್ಲಿ ಮಾತ್ರ ಎಂದು ನಂಬಿದ್ದ ಗುರುತು. ಅದೇ ಕಲ್ಲುಗಳಲ್ಲಿ ಕಾಲಿನ ಮೂಳೆಗಳೂ ಇದ್ದವು. ಹರಡಿನಲ್ಲಿ ಎರಡು ರಾಟೆ. ಕಾಲುಮೂಳೆಗಳ ಗೋಡೆ ಅಸಹಜ ದಪ್ಪ, ನೀರಿನಲ್ಲಿ ತೇಲಿಹೋಗದೆ ತಳದಲ್ಲಿ ನಡೆಯುವ ಪ್ರಾಣಿಗಳಲ್ಲಿ ಇರುವಂತೆ. ಹಲ್ಲಿನ ಐಸೊಟೋಪುಗಳೂ ನೀರಿನ ಬದುಕನ್ನೇ ಹೇಳಿದವು. 2007ರ ಡಿಸೆಂಬರಿನಲ್ಲಿ ತೆವಿಸ್ಸೆನ್, ಲೀಸಾ ನೋಯಲ್ ಕೂಪರ್, ಮಾರ್ಕ್ ಕ್ಲೆಮೆಂಟ್ಜ್, ಸುನಿಲ್ ಬಾಜಪೇಯಿ ಮತ್ತು ಬಿ.ಎನ್. ತಿವಾರಿ ಇದನ್ನು ‘ನೇಚರ್’ನಲ್ಲಿ ಪ್ರಕಟಿಸಿದರು. ಸುಮಾರು 4.8 ಕೋಟಿ ವರ್ಷ ಹಿಂದಿನ, ಮೌಸ್ ಡೀರ್‌ನಂಥ ಸಣ್ಣ ಗೊರಸಿನ ಪ್ರಾಣಿ ತಿಮಿಂಗಿಲದ ದಾಯಾದಿಯಾಯಿತು. ಆಫ್ರಿಕದ ಮೌಸ್ ಡೀರ್ ಇವತ್ತಿಗೂ ಹದ್ದು ಎರಗಿದರೆ ಹೊಳೆಗೆ ಧುಮುಕಿ ಮುಳುಗಿ ಅಡಗುತ್ತದೆ. ಇಂಡೋಹ್ಯೂಸ್ ನೀರಿಗಿಳಿದ ಕಾರಣವೂ ಮೊದಲಿಗೆ ಅದೇ ಇರಬಹುದು ಎಂಬುದು ಆ ತಂಡದ ಊಹೆ. ರಂಗರಾವ್ ತಾವು ಎಂಥದ್ದನ್ನು ತಂದಿಟ್ಟಿದ್ದೇವೆಂದು ತಿಳಿಯದೆ ಹೋದರು. ಆದರೆ ಆ ಕಲ್ಲುಗಳನ್ನು ಅವರು ಎಸೆಯಲಿಲ್ಲ, ಮನೆಯವರೂ ಎಸೆಯಲಿಲ್ಲ. ತಿಮಿಂಗಿಲದ ವಂಶದ ಬಗ್ಗೆ ಇವತ್ತು ಗೊತ್ತಿರುವುದರಲ್ಲಿ ಒಂದು ದೊಡ್ಡ ಪಾಲು ಹಾಗೆ ಉಳಿದು ಬಂದದ್ದು.

ಕಾಲಿನ ಮೂಳೆ ಯಾವಾಗಲೂ ಸರಿದಾರಿ ತೋರಿಸಿದೆ ಎಂದಲ್ಲ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಜಾರ್ಜ್ ಕ್ಯೂವಿಯೆ ಪ್ರಾಣಿಯ ಅಂಗಗಳೆಲ್ಲ ಒಂದಕ್ಕೊಂದು ಹೊಂದಿಕೊಂಡೇ ಇರುತ್ತವೆ ಎಂದು ಸಾರಿದ್ದರು. ಗೊರಸಿದ್ದರೆ ಅದು ಸೊಪ್ಪು ಹುಲ್ಲು ತಿನ್ನುವ ಪ್ರಾಣಿ, ಅದರ ಹಲ್ಲು ಅರೆಯುವ ಹಲ್ಲು. ಅದೇ ಕ್ಯೂವಿಯೆ 1823ರಲ್ಲಿ ಜರ್ಮನಿಯ ಎಪ್ಪೆಲ್ಸ್‌ಹೈಮ್‌ನಲ್ಲಿ ಸಿಕ್ಕ ಒಂದು ದೊಡ್ಡ ಉಗುರಿನ ಮೂಳೆ ನೋಡಿ ದೈತ್ಯ ಚಿಪ್ಪುಹಂದಿಯದೆಂದರು. ಹತ್ತು ವರ್ಷದ ನಂತರ ಅದೇ ಊರಿನಲ್ಲಿ ಸಿಕ್ಕ ಅರೆಯುವ ಹಲ್ಲುಗಳಿಗೆ ಯೊಹಾನ್ ಕಾಪ್ ಖ್ಯಾಲಿಕೊಥೀರಿಯಂ ಎಂದು ಹೆಸರಿಟ್ಟು ಗೊರಸಿನ ಪ್ರಾಣಿಗಳ ಸಾಲಿಗೆ ಸೇರಿಸಿದರು. ಫ್ರಾನ್ಸಿನ ಸಾನ್ಸಾನ್‌ನಲ್ಲಿ ಸಿಕ್ಕ ಉಗುರುಗಾಲಿಗೆ ಎಡ್ವರ್ ಲಾರ್ಟೆ 1837ರಲ್ಲಿ ಇನ್ನೊಂದು ಹೆಸರು ಕೊಟ್ಟರು. ಹಲ್ಲು ಒಂದು ಪ್ರಾಣಿ, ಕಾಲು ಇನ್ನೊಂದು ಪ್ರಾಣಿ ಎಂದು ದಶಕಗಳ ಕಾಲ ಪುಸ್ತಕಗಳು ಹೇಳಿದವು.

ಶತಮಾನದ ಕೊನೆಯ ಹೊತ್ತಿಗೆ ಅದೇ ಸಾನ್ಸಾನ್‌ನಲ್ಲಿ ಆನ್ರಿ ಫಿಯೊಲ್‌ಗೆ ತಲೆಯೂ ಕಾಲೂ ಒಟ್ಟಿಗೆ ಸಿಕ್ಕವು. ಎರಡೂ ಒಂದೇ ಪ್ರಾಣಿ. ಕುದುರೆ ಖಡ್ಗಮೃಗಗಳ ಬಳಗದ್ದಾದರೂ ಗೊರಸಿನ ಬದಲು ಕೊಕ್ಕೆಯಂಥ ಉಗುರು, ಉದ್ದ ಮುಂಗಾಲು, ಗಿಡ್ಡ ಹಿಂಗಾಲು. ಕೊಂಬೆ ಬಗ್ಗಿಸಿ ಸೊಪ್ಪು ತಿನ್ನಲು ಆ ಉಗುರುಗಳು ಎಂದು ಈಗ ತಿಳಿಯಲಾಗಿದೆ. ಅದರ ಅಸ್ಟ್ರಾಗಲಸ್ ಬೆಸಗೊರಸಿನ ಮಾದರಿಯದೇ: ಮೇಲೆ ರಾಟೆ, ಕೆಳಗೆ ಎರಡನೆಯದಿಲ್ಲ, ಕುತ್ತಿಗೆ ಮೂಡಿದ ದುಂಡು ತಲೆಯೂ ಇಲ್ಲ. ಪಾದದ ತುದಿ ಬದುಕಿಗೆ ತಕ್ಕಂತೆ ಬದಲಾಗಿತ್ತು, ಹರಡು ಬಳಗದ ಗುರುತನ್ನು ಬಿಟ್ಟುಕೊಟ್ಟಿರಲಿಲ್ಲ. ನಮ್ಮ ಶಿವಾಲಿಕ್ ಬೆಟ್ಟಗಳಲ್ಲೂ ಈ ಪ್ರಾಣಿಗಳಿದ್ದವು.

ದಕ್ಷಿಣ ಅಮೆರಿಕದಲ್ಲಿ ಇದಕ್ಕೆ ತಿರುಗುಮುರುಗಾದ ಮೋಸವಾಯಿತು. ಅರ್ಜೆಂಟೀನಾದ ಫ್ಲೊರೆಂಟಿನೊ ಅಮೆಘಿನೊ 1887ರಲ್ಲಿ ಥೋಥೀರಿಯಂ ಎಂಬ ಒಂಟಿಗೊರಸಿನ ಪ್ರಾಣಿಯನ್ನು ಹೆಸರಿಸಿದರು. ಕುದುರೆಗಿಂತಲೂ ಕುದುರೆಯಂಥ ಕಾಲು. ಕುದುರೆಯ ಪೂರ್ವಜರು ತಮ್ಮ ನೆಲದವರೇ ಎಂದು ಅವರು ನಂಬಿದರು. ಆದರೆ ಆ ಬಳಗದ ಅಸ್ಟ್ರಾಗಲಸ್‌ನ ಕೆಳತುದಿ ಜೀನಿನ ಆಕಾರದಲ್ಲಿಲ್ಲ, ದುಂಡಗಿದೆ. ಓಟದ ಬಯಲು ಎರಡು ಖಂಡಗಳಲ್ಲಿ ಎರಡು ಬಳಗಗಳನ್ನು ಒಂದೇ ಬೆರಳಿಗೆ ತಂದು ನಿಲ್ಲಿಸಿತ್ತು. ಇದೇ ಬಳಗದ ಮೂರು ಬೆರಳಿನ ಮ್ಯಾಕ್ರಾಕೀನಿಯಾ ಎಂಬ ಪ್ರಾಣಿಯ ಮೂಳೆಗಳನ್ನು ಚಾರ್ಲ್ಸ್ ಡಾರ್ವಿನ್ 1834ರಲ್ಲಿ ಪ್ಯಾಟಗೋನಿಯಾದಿಂದ ತಂದಿದ್ದರು. ಕತ್ತಿನ ಮೂಳೆ ನೋಡಿದ ಓವೆನ್‌ಗೆ ಅದರಲ್ಲಿ ಒಂಟೆಯ ಲಕ್ಷಣ ಕಂಡಿತ್ತು. 2015ರಲ್ಲಿ ಮ್ಯಾಕ್ರಾಕೀನಿಯಾದ ಮೂಳೆಯಿಂದಲೇ ಕೊಲಾಜನ್ ಪ್ರೋಟೀನು ತೆಗೆದು ಓದಿದಾಗ, ಈ ಬಳಗ ಬೆಸಗೊರಸಿನವುಗಳಿಗೆ ದೂರದ ದಾಯಾದಿ ಎಂದು ತಿಳಿಯಿತು. ಪೂರ್ವಜ ಎಂದದ್ದು ತಪ್ಪು, ನಂಟು ಮಾತ್ರ ನಿಜ. ಮೂಳೆಯ ಆಕಾರವೊಂದರಿಂದ ಇಷ್ಟು ಹಳೆಯ ಕವಲನ್ನು ಯಾರಿಗೂ ಖಚಿತವಾಗಿ ಹೇಳಲಾಗಿರಲಿಲ್ಲ.

ಮೂಳೆ ನೋಡಿ ಅಳಿದ ಪ್ರಾಣಿಯನ್ನು ಗುರುತಿಸುವ ಈ ಕೆಲಸ ಭಾರತದಲ್ಲಿ ಶುರುವಾದದ್ದು 1830ರ ದಶಕದಲ್ಲಿ. ಸಹಾರನ್‌ಪುರದ ಸಸ್ಯೋದ್ಯಾನದ ಮೇಲ್ವಿಚಾರಕ ಹ್ಯೂ ಫಾಲ್ಕನರ್ ಮತ್ತು ಕಾಲುವೆ ಎಂಜಿನಿಯರ್ ಪ್ರೊಬಿ ಕಾಟ್ಲಿ ಶಿವಾಲಿಕ್ ಬೆಟ್ಟಗಳಿಂದ ಆರು ಬಾಚಿಹಲ್ಲಿನ ನೀರಾನೆ, ಒಂಟೆ, ಕುದುರೆ, ಜಿರಾಫೆಯ ಬಳಗದ ದೈತ್ಯ ಶಿವಥೀರಿಯಂ ಎಲ್ಲವನ್ನೂ ಹೊರತೆಗೆದರು. 1837ರಲ್ಲಿ ಲಂಡನ್ನಿನ ಭೂವಿಜ್ಞಾನ ಸಂಘ ಇಬ್ಬರಿಗೂ ವೊಲಾಸ್ಟನ್ ಪದಕ ಕೊಟ್ಟಿತು. ಅವರ ಬಳಿ ಮ್ಯೂಸಿಯಂ ಇರಲಿಲ್ಲ, ಹೋಲಿಸಿ ನೋಡಲು ಪುಸ್ತಕಗಳೂ ಕಡಿಮೆ. ಹಾಗಾಗಿ ಸುತ್ತಲಿನ ಕಾಡು, ಊರುಗಳ ಪ್ರಾಣಿಗಳ ಅಸ್ಥಿಪಂಜರಗಳನ್ನು ತಾವೇ ಸಿದ್ಧಪಡಿಸಿಕೊಂಡು, ಒಂದೊಂದು ಪಳೆಯುಳಿಕೆಯನ್ನೂ ಇವುಗಳ ಪಕ್ಕದಲ್ಲಿಟ್ಟು ಗುರುತಿಸಿದರು. ಶಿವಥೀರಿಯಂ ಜಿರಾಫೆಯ ಬಂಧುವಾದರೂ ಅದರ ಕಾಲುಮೂಳೆ ಗಿಡ್ಡ, ಭಾರಿ ದಪ್ಪ. ಜಿರಾಫೆಯ ನೀಳ ಕಾಲಿನ ಪಕ್ಕ ಇಟ್ಟಾಗಲೇ ಅದೆಷ್ಟು ಬೇರೆ ಬಗೆಯ ಮೈ ಎಂದು ತಿಳಿಯುವುದು.

ಗುಜರಾತಿನ ಸೂರತ್ ಜಿಲ್ಲೆಯ ವಸ್ತಾನ್ ಲಿಗ್ನೈಟ್ ಗಣಿಯ ಕತೆ ಇತ್ತೀಚಿನದು. 2005ರಲ್ಲಿ ಬಾಜಪೇಯಿ ಮತ್ತು ಸಂಗಡಿಗರು ಅಲ್ಲಿ ಸಿಕ್ಕ ಹಲ್ಲು, ದವಡೆಗಳಿಗೆ ಕ್ಯಾಂಬೇಥೀರಿಯಂ ಎಂದು ಹೆಸರಿಟ್ಟರು. ಅದು ಯಾವ ಬಳಗದ್ದೆಂದು ಒಮ್ಮತವಿರಲಿಲ್ಲ. ಆಮೇಲೆ ಕೆನೆತ್ ರೋಸ್, ಅಶೋಕ್ ಸಾಹ್ನಿ, ರಾಜೇಂದ್ರ ರಾಣಾ, ಕಿಶೋರ್ ಕುಮಾರ್, ಥಿಯೆರಿ ಸ್ಮಿತ್ ಮುಂತಾದವರ ತಂಡ ವರ್ಷಗಳ ಕಾಲ ಅಲ್ಲಿ ಮೂಳೆ ಆಯ್ದಿತು. ಕೈ, ಪಾದ, ಹರಡು, ಬೆನ್ನು ಒಂದೊಂದಾಗಿ ಸೇರಿದವು. 2014ರಲ್ಲಿ ಅವರು ಬಂದ ತೀರ್ಮಾನ: ಸುಮಾರು 5.45 ಕೋಟಿ ವರ್ಷ ಹಿಂದಿನ ಈ ಪ್ರಾಣಿ ಕುದುರೆ, ಖಡ್ಗಮೃಗ, ಟೇಪಿರ್‌ಗಳ ಇಡೀ ಬಳಗದ ಬುಡದ ಹತ್ತಿರದ್ದು, ಅವುಗಳಿಗಿಂತ ಒಂದು ಹೆಜ್ಜೆ ಹಿಂದಿನದು. ಭಾರತ ಏಷ್ಯಾಕ್ಕೆ ಪೂರ್ತಿ ಕೂಡುವ ಮುನ್ನ, ತೇಲಿ ಬರುತ್ತಿದ್ದ ಈ ನೆಲದಲ್ಲೇ ಬೆಸಗೊರಸಿನ ಬಳಗ ಹುಟ್ಟಿರಬಹುದೆಂದು ಡೇವಿಡ್ ಕ್ರಾಸ್ ಮತ್ತು ಮೇರಿ ಮಾಸ್ 1990ರಲ್ಲಿ ಊಹಿಸಿದ್ದರು. ಆ ಊಹೆಗೆ ಮೊದಲ ಬಾರಿ ಮೂಳೆಯ ಬಲ ಸಿಕ್ಕಿತು. ಸರಿಗೊರಸಿನ ಅತಿ ಹಳೆಯ ಪ್ರಾಣಿಗಳಲ್ಲಿ ಒಂದಾದ, ಮೊಲದ ಗಾತ್ರದ ಡಯಕೋಡೆಕ್ಸಿಸ್ ಕೂಡ ಅದೇ ಗಣಿಯಲ್ಲಿ ಸಿಕ್ಕಿದೆ. ಎರಡು ಬಳಗಗಳ ತೀರ ಹಳಬರು ಒಂದೇ ಗಣಿಯ ಮಣ್ಣಿನಲ್ಲಿ.

ಕರ್ನಾಟಕದ ನೆಲ ಇದರಿಂದ ಹೊರಗಿಲ್ಲ. ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ಬೆಳಗಾವಿ ಜಿಲ್ಲೆಯ ಗೋಕಾಕದ ಬಳಿ ಸಿಕ್ಕ ಅಳಿದ ಖಡ್ಗಮೃಗವೊಂದನ್ನು ವಿವರಿಸಿ, ದಖ್ಖನ್ನಿನ ಹೆಸರನ್ನೇ ಅದಕ್ಕೆ ಕೊಟ್ಟರು. ಇವತ್ತು ಆ ಸೀಮೆಯಲ್ಲಿ ಖಡ್ಗಮೃಗ ಎಂದರೆ ಯಾರೂ ನಂಬಲಾರರು. ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ತಂಡ ಆದಿಮಾನವರ ಕಲ್ಲಿನ ಕೊಡಲಿಗಳ ಜೊತೆ ಸಸ್ಯಾಹಾರಿ ಪ್ರಾಣಿಗಳ ಹಲ್ಲುಗಳನ್ನೂ ಹೊರತೆಗೆಯಿತು. ಆ ಹಲ್ಲಿನ ಎನಾಮಲ್‌ನಿಂದಲೇ ಆ ನೆಲೆಗೆ ಸುಮಾರು 12 ಲಕ್ಷ ವರ್ಷದ ಕಾಲ ಕಟ್ಟಲಾಯಿತು.

ಗುರುತಿಸುವ ಕೆಲಸಕ್ಕೆ ಬೇಕಾದದ್ದು ದುಬಾರಿ ಯಂತ್ರಕ್ಕಿಂತ ಮೊದಲು ಒಂದು ಒಳ್ಳೆಯ ಮೂಳೆ ಸಂಗ್ರಹ. ಕಡವೆ, ಕೃಷ್ಣಮೃಗ, ಕಾಟಿ, ಎಮ್ಮೆ, ಕುರಿ, ಮೇಕೆ, ಕಾಡುಹಂದಿ, ಪ್ರತಿಯೊಂದರದ್ದೂ ಗಂಡು, ಹೆಣ್ಣು, ಮರಿ, ಮುದಿ, ಎಡಗಾಲು, ಬಲಗಾಲು, ಹೆಸರಿನ ಚೀಟಿಯೊಡನೆ ಪೆಟ್ಟಿಗೆಗಳಲ್ಲಿ. ಕುರಿ ಮೇಕೆಗಳ ಅಸ್ಟ್ರಾಗಲಸ್ ನಡುವಿನ ವ್ಯತ್ಯಾಸ ಎಷ್ಟು ನವಿರೆಂದರೆ ಚಿತ್ರ ನೋಡಿ ಕಲಿಯಲಾಗದು, ಎರಡನ್ನೂ ಅಂಗೈಯಲ್ಲಿ ಹೊರಳಿಸಿಯೇ ಕಲಿಯಬೇಕು. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಅಂಥ ಸಂಗ್ರಹವಿರುವ ಪ್ರಯೋಗಾಲಯವಿದೆ. ನಮ್ಮ ವಿಶ್ವವಿದ್ಯಾಲಯಗಳ ಪ್ರಾಣಿಶಾಸ್ತ್ರ, ಪಶುವೈದ್ಯ, ಪುರಾತತ್ವ ವಿಭಾಗಗಳು ಒಟ್ಟುಗೂಡಿದರೆ ಇದನ್ನು ಕಟ್ಟುವುದು ಅಸಾಧ್ಯವಲ್ಲ. ರಸ್ತೆಯಲ್ಲಿ, ಮೃಗಾಲಯಗಳಲ್ಲಿ ಸಾಯುವ ಪ್ರಾಣಿಗಳ ಮೂಳೆ ಹೇಗೂ ಮಣ್ಣು ಸೇರುತ್ತಿದೆ. ಇದು ಆಗಲೇಬೇಕೆಂದು ನಾನು ಬಲವಾಗಿ ನಂಬುತ್ತೇನೆ. ಜೀವಂತ ಪ್ರಾಣಿಯ ಕಾಲು ಗೊತ್ತಿಲ್ಲದವರಿಗೆ ಅಳಿದದ್ದರ ಕಾಲು ಏನನ್ನೂ ಹೇಳದು.

ಉಳಿದ ಪ್ರಶ್ನೆಯೊಂದಿದೆ, ನೀರಾನೆಯದು. ಡಿಎನ್‌ಎ ಪ್ರಕಾರ ತಿಮಿಂಗಿಲಕ್ಕೆ ಅದೇ ಅತಿ ಹತ್ತಿರ. ಆದರೆ ತಿಮಿಂಗಿಲದ ವಂಶ ಐದು ಕೋಟಿ ವರ್ಷದ ಆಸುಪಾಸಿಗೆ ಹೋಗುತ್ತದೆ, ನೀರಾನೆಯ ಪಳೆಯುಳಿಕೆಗಳು ಅದಕ್ಕಿಂತ ತೀರ ಈಚಿನವು. ನಡುವಿನ ಕೋಟಿಗಟ್ಟಲೆ ವರ್ಷ ಅದರ ಪೂರ್ವಜರು ಎಲ್ಲಿದ್ದರು? ಶಿವಾಲಿಕ್‌ನಲ್ಲೂ ಸಿಗುವ ಆಂಥ್ರಕೊಥೀರ್ ಎಂಬ ಅಳಿದ ಬಳಗದಲ್ಲಿ ಎಂಬುದು ಈಗ ಹೆಚ್ಚಿನವರು ಒಪ್ಪುವ ಉತ್ತರ. ಈ ಹಂತದಲ್ಲಿ ಹರಡು ಹೆಚ್ಚು ಸಹಾಯ ಮಾಡದು, ಏಕೆಂದರೆ ಇವೆಲ್ಲಕ್ಕೂ ಎರಡು ರಾಟೆಯ ಮೂಳೆಯೇ ಇದೆ. ಬಳಗದ ಹೊರಗಿನವರನ್ನು ಬೇರ್ಪಡಿಸುವ ಗುರುತು ಒಳಗಿನವರನ್ನು ಬೇರ್ಪಡಿಸಲಾರದು. 2015ರಲ್ಲಿ ಕೆನ್ಯಾದ ಟುರ್ಕಾನಾ ಸೀಮೆಯ ಲೊಕೋನೆಯಿಂದ 2.8 ಕೋಟಿ ವರ್ಷ ಹಳೆಯ ಎಪಿರಿಗೆನಿಸ್ ಎಂಬ ಪ್ರಾಣಿಯನ್ನು ವಿವರಿಸಿದಾಗ, ಆಂಥ್ರಕೊಥೀರ್‌ನಿಂದ ನೀರಾನೆಗೆ ಹೋಗುವ ದಾರಿಯ ಒಂದು ಮೆಟ್ಟಿಲು ಸಿಕ್ಕಿತು. ತಿಮಿಂಗಿಲದ ವಿಷಯದಲ್ಲಿ ಮೂರು ದಶಕ ದಾರಿ ತಪ್ಪಿಸಿದ್ದ ಹಲ್ಲುಗಳಿಂದಲೇ ಈ ಬಾರಿ ಗುರುತು ಹಿಡಿದದ್ದು.